ನಾಲ್ಕನೇ ಅಧ್ಯಾಯ ಹೊತ್ತು ಫೋಂಡಾಕ್ಕೆ

ಧಾರವಾಡ

ಗೋವಾಕ್ಕೆ ಹೋಗಿ ಬಂದದ್ದನ್ನು ಪರದೇಶ ಪ್ರವಾಸ ಎಂದರೆ ನೀವು ನಗುತ್ತೀರಿ. ನಗಿರಿ. ಆದರೆ ನಮ್ಮ ತಂದೆ ಹರೆಯದಲ್ಲಿದ್ದಾಗ ಅನಮೋಡ ಘಟ್ಟದ ಕೆಳಗೆ ಪೋರ್ತುಗೀಜರ ಪೊಲೀಸರು ನಿಂತಿರುತ್ತಿದ್ದರು. ಕಾಗದಪತ್ರ ಇಲ್ಲದೆ ಒಂದು ಹೆಜ್ಜೆ ಆಚೆ ಇಡುವಂತಿರಲಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಗೋವಾಕ್ಕೆ ಹೊರಟವರನ್ನು 'ಆ ಕಡೆ ಹೊಂಟಾರ' ಎನ್ನುವುದೇ ರೂಢಿ. ಐದಾರು ತಾಸಿನ ದಾರಿ ಅಷ್ಟೆ. ಘಟ್ಟ ಇಳಿದರೆ ಮಾತು ಬೇರೆ, ಅನ್ನ ಬೇರೆ, ಮಧ್ಯಾಹ್ನದ ನಿದ್ದೆಯ ಕಾಯಿದೆಯೇ ಬೇರೆ. ಪರದೇಶಕ್ಕೆ ಇನ್ನೇನು ಬೇಕು?

೨೦೦೬ರ ಡಿಸೆಂಬರಿನ ಒಂದು ಶುಕ್ರವಾರ ನಾನು ಹೊರಟದ್ದು ಸಮುದ್ರ ನೋಡಲಿಕ್ಕಲ್ಲ. ಸಮುದ್ರದ ಬಿಸಿಲಿಗೆ ನನಗೆ ತಲೆನೋವು ಬರುತ್ತದೆ. ನನ್ನ ಜೊತೆ ಎರಡು ಗೋಣಿಚೀಲ ಪುಸ್ತಕಗಳಿದ್ದವು, ಮುನ್ನೂರು ಪ್ರತಿ, ಅವತ್ತೇ ನಸುಕಿನಲ್ಲಿ ಛಾಪಖಾನೆಯ ಬಾಗಿಲು ತೆಗೆಸಿ ಎತ್ತಿಕೊಂಡದ್ದು. ಬರೆದವನು ಫೋಂಡಾದಲ್ಲಿ ಅರಿವೆ ಅಂಗಡಿ ಇಟ್ಟಿರುವ ಬಸವಣ್ಣೆಪ್ಪ. ಭಾನುವಾರ ಅಲ್ಲಿಯ ಕನ್ನಡ ಮಂದಿ ಸೇರಿ ಪುಸ್ತಕ ಬಿಡುಗಡೆ ಮಾಡುವವರಿದ್ದರು. ಭಾಷಣ ನನ್ನದು.

ಬಸವಣ್ಣೆಪ್ಪನೂ ನಾನೂ ಧಾರವಾಡದ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಭೌತಶಾಸ್ತ್ರ ಓದಿದವರು. ಅವನು ನನಗಿಂತ ಜಾಣ, ಇದನ್ನು ನಾನು ಹೆಂಡತಿಯ ಎದುರೂ ಒಪ್ಪಿಕೊಂಡಿದ್ದೇನೆ. ಕೊನೆಯ ವರ್ಷದ ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗ ಫೋಂಡಾದಲ್ಲಿದ್ದ ಅವನ ತಂದೆ ತೀರಿಕೊಂಡರು. ಅಂಗಡಿ ಹಿಡಿಯುವವರು ಬೇರೆ ಯಾರೂ ಇರಲಿಲ್ಲ. ಹೋದವನು ಪರೀಕ್ಷೆಗೆ ಬರಲಿಲ್ಲ. ನನ್ನ ನೋಟ್ಸುಗಳನ್ನು ನಾನೇ ಕಟ್ಟಿ ಅವನಿಗೆ ಟಪಾಲಿನಲ್ಲಿ ಕಳಿಸಿದ್ದೆ. ನಾನು ಪಾಸಾಗಿ, ಮೇಲೂ ಓದಿ, ಮಾಸ್ತರನಾಗಿ, ನಿವೃತ್ತನೂ ಆದೆ. ಅವನು ನಲವತ್ತು ವರ್ಷ ಇಳಕಲ್ ಸೀರೆ, ಖಣ ಮಾರಿದ. ಆದರೆ ಓದುವುದನ್ನು ಬಿಡಲಿಲ್ಲ.

ಅವನು ಓದಿದ್ದು ಒಬ್ಬನೇ ಮನುಷ್ಯನ ಬಗ್ಗೆ. ಇಪ್ಪತ್ತು ದಾಟಿ ಮೂರ್ನಾಲ್ಕು ವರ್ಷವಾಗುವುದರೊಳಗೆ ಕ್ವಾಂಟಂ ಶಾಸ್ತ್ರಕ್ಕೆ ಅಡಿಪಾಯ ಹಾಕಿ, ಆಮೇಲೆ ಅನಿಶ್ಚಿತತೆಯ ನಿಯಮ ಹೇಳಿದ ಜರ್ಮನಿಯ ವಿಜ್ಞಾನಿ. ಕಾಲೇಜಿನಲ್ಲಿ ಅವನ ಹೆಸರು ನಮ್ಮ ನಾಲಿಗೆಗೆ ಒಗ್ಗದೆ 'ಜರ್ಮನ್ ಸಾಹೇಬ' ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೇ ಕರೆಯುತ್ತೇನೆ, ನೀವು ಬೇಜಾರು ಮಾಡಿಕೊಳ್ಳಬೇಡಿ.

ಬಸವಣ್ಣೆಪ್ಪ ಆ ಸಾಹೇಬನ ಬದುಕು ಮತ್ತು ವಿಚಾರವನ್ನು ಕನ್ನಡದಲ್ಲಿ ಬರೆಯತೊಡಗಿ, ಒಂದೊಂದೇ ಅಧ್ಯಾಯ ನನಗೆ ಕಳಿಸುತ್ತಿದ್ದ. ಪ್ರತಿ ಸಲವೂ ಮೇಲೊಂದು ಚೀಟಿ: 'ತಪ್ಪಿದ್ರ ತಿದ್ದು. ತೋರಸಾಕ ಇಲ್ಲಿ ನನಗ ಯಾರೂ ಇಲ್ಲ.' ಇನ್ನು ನನ್ನ ಪಾಪ ಹೇಳಿಬಿಡುತ್ತೇನೆ. ಮೊದಲೆರಡು ಅಧ್ಯಾಯ ಓದಿದೆ. ಉಳಿದವು ಕಪಾಟಿನ ಮೇಲೆ ಕೂತವು. ಮೊಮ್ಮಗಳ ಕಿವಿ ಚುಚ್ಚಿಸುವುದು, ಮನೆಗೆ ಬಣ್ಣ, ನನ್ನ ಹಲ್ಲು, ಒಂದಲ್ಲ ಒಂದು ನೆಪ. ಕೊನೆಗೆ ಎಲ್ಲವನ್ನೂ ಹಾಗೇ ಛಾಪಖಾನೆಗೆ ಕೊಟ್ಟೆ.

ಮುನ್ನುಡಿಯನ್ನು ಮಾತ್ರ ಭರ್ಜರಿಯಾಗಿ ಬರೆದೆ. ನಮ್ಮ ಕಡೆ ಮುನ್ನುಡಿ ಬರೆಯುವವರಿಗೆ ಒಂದು ವಿದ್ಯೆ ಕರಗತವಾಗಿರುತ್ತದೆ. ಮೊದಲ ಹತ್ತು ಪುಟ, ಕೊನೆಯ ಎರಡು ಪುಟ, ನಡುವೆ ಬೆರಳಿಗೆ ಸಿಕ್ಕ ಒಂದು ಪ್ಯಾರಾ, ಇಷ್ಟು ನೋಡಿ 'ಕೃತಿಯನ್ನು ಆಮೂಲಾಗ್ರವಾಗಿ ಓದಿ ಸಂತೋಷಪಟ್ಟೆ' ಎಂದು ಬರೆಯುವುದು. ಬರೆಸಿಕೊಳ್ಳುವವರಿಗೂ ಇದು ಗೊತ್ತು. ಬಸವಣ್ಣೆಪ್ಪನಿಗೆ ಗೊತ್ತಿರಲಿಲ್ಲ. ಅವನು ಫೋನು ಮಾಡಿ, 'ನಾಲ್ಕನೇದರ ಬಗ್ಗೆ ಎರಡು ಮಾತು ಬರಿ. ಅದರಾಗ ನನ್ನ ಜೀವ ಐತಿ' ಎಂದಿದ್ದ. ಬರೆದೆ. 'ನಾಲ್ಕನೇ ಅಧ್ಯಾಯವಂತೂ ಕನ್ನಡದ ವಿಜ್ಞಾನ ಬರವಣಿಗೆಗೇ ಮಾದರಿ' ಎಂದು ಬರೆದೆ. ಅದರಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಮೊಲೆಂ

ಘಟ್ಟ ಇಳಿದು ಮೊಲೆಂ ಮುಟ್ಟಿದಾಗ ಬಸ್ಸನ್ನು ತಪಾಸಣೆಗೆ ನಿಲ್ಲಿಸಿದರು. ಗೋವಾದಿಂದ ಹೊರಗೆ ಹೋಗುವವರ ಚೀಲ ಹುಡುಕುವುದು ಗೊತ್ತು. ಒಳಗೆ ಬರುವವರು ಏನು ತಾನೇ ತಂದಾರು? ಆದರೂ ಒಬ್ಬ ಪೊಲೀಸಿನವನ ಕಣ್ಣು ನನ್ನ ಗೋಣಿಚೀಲಗಳ ಮೇಲೆ ಬಿತ್ತು. ದಾರ ಬಿಚ್ಚಿಸಿ ಒಂದು ಪ್ರತಿ ತೆಗೆದು ಮುಖಪುಟದ ಚಿತ್ರ ನೋಡಿದ.

"ಹೊ ಕೋಣ?" ಇವನು ಯಾರು, ಎಂದು ಕೊಂಕಣಿಯಲ್ಲಿ ಕೇಳಿದ.

"ವಿಜ್ಞಾನಿ. ಜರ್ಮನಿಯವನು."

"ಗೋಂಯಾಂತ ಆಯಿಲ್ಲೊ?" ಗೋವಾಕ್ಕೆ ಬಂದಿದ್ದನೇ ಎಂದು ಕೇಳುತ್ತಿದ್ದಾನೆ.

"ಇಲ್ಲ."

ಗೋವಾಕ್ಕೇ ಬಾರದ ಮನುಷ್ಯನ ಬಗ್ಗೆ ಇಷ್ಟು ಪುಸ್ತಕ ಯಾಕೆ ಎಂಬಂತೆ ನನ್ನನ್ನು ನೋಡಿ, ಪಾಪ, ಪ್ರತಿಯನ್ನು ಎರಡೂ ಕೈಯಿಂದ ವಾಪಸು ಕೊಟ್ಟ. ಇಷ್ಟು ಮುಗಿಯಿತು ಎನ್ನುವಾಗ ಬಸ್ಸು ಚಾಲೂ ಆಗಲೊಲ್ಲದು. ಡ್ರೈವರ್ ಕೆಳಗಿಳಿದು, ಬಾನೆಟ್ ಎತ್ತಿ, ಒಳಗೆ ಒಂದು ಸಲ ಬೈದು, ಚಹಾ ಕುಡಿಯಲು ಹೋದ. ನಮ್ಮ ಕಡೆ ಆಗಿದ್ದರೆ ಹತ್ತು ಜನ ಸುತ್ತ ನಿಂತು ಹನ್ನೆರಡು ಸಲಹೆ ಕೊಡುತ್ತಿದ್ದರು. ಇಲ್ಲಿ ಎಲ್ಲರೂ ಮರದ ನೆರಳು ಹುಡುಕಿಕೊಂಡು ತಣ್ಣಗೆ ಕೂತರು. ನಾನೂ ಗೋಣಿಚೀಲದ ಮೇಲೆ ಕೂತೆ. ಕೈಯಲ್ಲಿ ಆ ಬಿಚ್ಚಿದ ಪ್ರತಿ ಇತ್ತು. ಮಾಡಲು ಬೇರೆ ಕೆಲಸ ಇರಲಿಲ್ಲ. ನಾಲ್ಕನೇ ಅಧ್ಯಾಯ ತೆರೆದೆ.

ಎಷ್ಟು ಚೆಂದ ಬರೆದಿದ್ದ ಮಾರಾಯ! ಅಧ್ಯಾಯದ ಹೆಸರು 'ಜಗ್ಗಿದ ಅರಿವೆ'. ಅರಿವೆ ಅಂಗಡಿಯವನು ಮಾತ್ರ ಬರೆಯಬಹುದಾದದ್ದು. ಮೀಟರ್ ಪಟ್ಟಿಗೆ ಹಿಡಿದು ಅಳೆಯುವಾಗ ವ್ಯಾಪಾರಿಯ ಕೈ ಅರಿವೆಯನ್ನು ಒಂದಿಷ್ಟು ಜಗ್ಗಿಯೇ ಜಗ್ಗುತ್ತದೆ. ಜಗ್ಗದೆ ಹಿಡಿದರೆ ಸುಕ್ಕು ಉಳಿದು ಅಳತೆ ತಪ್ಪುತ್ತದೆ. ಹೀಗಾಗಿ ಮುಟ್ಟದೆ ಅಳೆಯಲು ಬರುವುದಿಲ್ಲ, ಮುಟ್ಟಿದರೆ ಖರೆ ಉದ್ದ ಸಿಗುವುದಿಲ್ಲ. ಸಣ್ಣ ಕಣದ ಪಾಡೂ ಇದೇ. ಅದು ಎಲ್ಲಿದೆ ಎಂದು ನೋಡಲು ಬೆಳಕು ಬಿಟ್ಟರೆ ಬೆಳಕೇ ಅದನ್ನು ದೂಡಿ, ಅದರ ವೇಗ ಕೆಡಿಸುತ್ತದೆ. ಇದೇ ಅನಿಶ್ಚಿತತೆಯ ನಿಯಮ. ಹೀಗೆಂದು ಬರೆದಿದ್ದ.

ಆ ಸಾಲನ್ನು ಇನ್ನೊಮ್ಮೆ ಓದಿದೆ. ಯಾಕೆಂದರೆ ಇದು ತಪ್ಪು. ಅಕ್ಷರದ ತಪ್ಪಲ್ಲ, ಬೇರಿನ ತಪ್ಪು. ಅರಿವೆಗೆ ಒಂದು ಖರೆ ಉದ್ದ ಮೊದಲೇ ಇರುತ್ತದೆ, ನಮ್ಮ ಕೈ ಅದನ್ನು ಕೆಡಿಸುತ್ತದೆ. ಜರ್ಮನ್ ಸಾಹೇಬನ ನಿಯಮ ಹೇಳುವುದು ಇನ್ನೂ ದೊಡ್ಡ ಮಾತು. ಕಣ ಎಲ್ಲಿದೆ ಎಂಬುದು ಖಚಿತವಾದಷ್ಟೂ ಅದಕ್ಕೆ ಖಚಿತವಾದ ವೇಗ ಎಂಬುದು ಇರುವುದೇ ಇಲ್ಲ. ಇದ್ದು ನಮಗೆ ಸಿಗದಿರುವುದಲ್ಲ, ಇಲ್ಲವೇ ಇಲ್ಲ. ಸಾಹೇಬನ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಅದನ್ನೇ ಬಿಟ್ಟು ಬರೆದ ಅಧ್ಯಾಯವನ್ನು ನಾನು ಮಾದರಿ ಎಂದು ಹೊಗಳಿದ್ದೇನೆ, ಹೆಸರು ಹಾಕಿ, ಡಿಗ್ರಿಗಳನ್ನೂ ಹಾಕಿ.

ಒಂದು ತಾಸಿನ ಮೇಲೆ ಬಸ್ಸು ತಾನಾಗಿಯೇ ಚಾಲೂ ಆಯಿತು. ನನಗೆ ಮಾತ್ರ ಅದು ಇನ್ನೂ ಒಂದು ದಿನ ಅಲ್ಲೇ ನಿಂತಿದ್ದರೆ ಚಲೋ ಇತ್ತು ಅನಿಸಿತು.

ಫೋಂಡಾ

ಫೋಂಡಾ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಪೇಟೆಗೆ ಪೇಟೆಯೇ ಬಾಗಿಲು ಹಾಕಿಕೊಂಡು ಮಲಗಿತ್ತು. ಯಾರೋ ದೊಡ್ಡವರು ಸತ್ತಿದ್ದಾರೆ ಎಂದು ತಿಳಿದು, ದಾರಿಯಲ್ಲಿ ಹೊರಟಿದ್ದ ಒಬ್ಬ ಹೆಣ್ಣುಮಗಳನ್ನು ಹಿಂದಿಯಲ್ಲಿ ಕೇಳಿದೆ. ಆಕೆ ನಕ್ಕು, "ಚಾರಾಂಕ, ಚಾರಾಂಕ" ಎಂದು ನಾಲ್ಕು ಬೆರಳು ತೋರಿಸಿದಳು. ನಾಲ್ಕು ಗಂಟೆಗೆ ತೆರೆಯುತ್ತವಂತೆ. ಬಸವಣ್ಣೆಪ್ಪನ ಅಂಗಡಿಯ ಕಟ್ಟೆಯ ಮೇಲೆ ಗೋಣಿಚೀಲ ಇಟ್ಟು ಬಾಗಿಲು ಬಡಿದೆ. ಹಿಂದಿನ ಮನೆಯಿಂದ ಅವನ ಹೆಂಡತಿ ಶಾಂತಕ್ಕ ಓಡಿ ಬಂದರು.

"ಅಯ್ಯ ಅಣ್ಣಾರ, ಹಿಂದ ಬಾಗಲಿಗೆ ಬರೂದಲ್ಲೇನ್ರಿ? ಈ ಹೊತ್ತಿನ್ಯಾಗ ಮುಂದಿನ ಬಾಗಲಾ ಬಡದ್ರ ಯಾರೂ ತಗ್ಯಾಂಗಿಲ್ಲ. ಬರ್ರಿ, ಒಳಗ ಬರ್ರಿ."

ಬಸವಣ್ಣೆಪ್ಪ ಬನಿಯನ್ನಿನಲ್ಲೇ ಬಂದ. ಕೂದಲು ಪೂರ್ತಿ ಬೆಳ್ಳಗಾಗಿದ್ದವು, ನಗು ಮಾತ್ರ ಅದೇ ಬೆಂಚಿನದು. "ನಲವತ್ತು ವರ್ಷ ಆತು, ಮಧ್ಯಾಹ್ನ ಒಂದರಿಂದ ನಾಕರ ತನಕ ಈ ಊರಾಗ ಒಂದು ಕರವಸ್ತ್ರ ಮಾರಿಲ್ಲ ನಾ. ಮೊದಮೊದ್ಲ ಅಂಗಡಿ ತಗದ ಕುಂದರ್ತಿದ್ದೆ. ಮಂದಿ ನಕ್ಕರು, ಘಾಂಟಿಗೆ ನಿದ್ದಿ ಬರೂದಿಲ್ಲೇನು ಅಂತ. ಆಮ್ಯಾಲ ನಾನೂ ಮಲಗಾಕ ಕಲತೆ. ಮಲಗಿದ್ದು ಎಲ್ಲಿ? ಓದಿದ್ದು. ನನ್ನ ಪುಸ್ತಕ ಆ ಮೂರು ತಾಸಿನ್ಯಾಗ ಹುಟ್ಟಿದ್ದು ನೋಡು" ಎಂದ. ಘಟ್ಟದ ಮೇಲಿನಿಂದ ಬಂದ ನಮ್ಮಂಥವರಿಗೆ ಇಲ್ಲಿ ಘಾಂಟಿ ಎನ್ನುತ್ತಾರೆ. ಪ್ರೀತಿಯಿಂದ ಅನ್ನುವುದು ಕಡಿಮೆ.

ಗೋಣಿಚೀಲ ಬಿಚ್ಚಿ ಒಂದು ಪ್ರತಿ ಕೈಗೆ ತಗೊಂಡ. ತಗೊಂಡು ಓದಲಿಲ್ಲ, ಮೂಸಿ ನೋಡಿದ, ಹೆಂಡತಿಗೂ ಮೂಸಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಎಲ್ಲಾ ಓದಿದಿ?"

"ಓದಿದೆ."

"ನಾಲ್ಕನೇದು?"

"ಚಲೋ ಐತಿ."

"ಚಲೋ ಐತಿ, ಅಷ್ಟ?" ಅವನು ಇನ್ನೂ ಏನೋ ಬರುತ್ತದೆ ಎಂದು ನನ್ನ ಬಾಯಿ ನೋಡುತ್ತ ನಿಂತಿದ್ದ. ನಾನು ಕೈಕಾಲು ತೊಳೆಯಬೇಕು ಎಂದು ಬಚ್ಚಲಿಗೆ ಹೋದೆ. ಅರವತ್ತು ದಾಟಿದ ಮನುಷ್ಯ, ಪಾಠ ಒಪ್ಪಿಸದ ಹುಡುಗನ ಹಾಗೆ ಬಚ್ಚಲಲ್ಲಿ ಅಡಗಿ ನಿಂತೆ. ನಾಚಿಕೆಯಾಯಿತು.

ಊಟಕ್ಕೆ ರೊಟ್ಟಿ, ಎಣಗಾಯಿ. ಎಣಗಾಯಿಯಲ್ಲಿ ಶೇಂಗಾದ ಜೊತೆ ಧಾರಾಳವಾಗಿ ಕೊಬ್ಬರಿ. ನಲವತ್ತು ವರ್ಷದಲ್ಲಿ ಗೋವಾ ಶಾಂತಕ್ಕನ ಬದನೆಕಾಯಿಯೊಳಗೂ ಹೊಕ್ಕಿತ್ತು. "ನಮ್ಮ ಮನ್ಯಾಗ ಮೂರ ಮಂದಿ ಅದೇವ್ರಿ ಅಣ್ಣಾರ" ಎಂದರು ಬಡಿಸುತ್ತ. "ನಾ, ಇವರು, ಆ ಜರ್ಮನ್ ಸಾಹೇಬ. ಅಂವಗ ಸೀನು ಬರೂದು ನನಗ ಗೊತ್ತು, ಅಂವ ಗುಡ್ಡಾ ಹತ್ತೂದು ಗೊತ್ತು. ಇವರಿಗೆ ಥಂಡಿ ಆದ್ರ ಹೇಳೂದಿಲ್ಲ, ಅಂವನ ಥಂಡಿ ಬಗ್ಗೆ ತಾಸಗಟ್ಲೆ ಹೇಳತಾರ."

ಪಣಜಿ

ಶನಿವಾರ ಯಾರಿಗೋ ಆಮಂತ್ರಣ ಕೊಡುವುದಿದೆ ಎಂದು ಬಸವಣ್ಣೆಪ್ಪ ನನ್ನನ್ನು ಪಣಜಿಗೆ ಕರೆದುಕೊಂಡು ಹೋದ. ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಸುಮ್ಮನೆ ಫೆರಿ ಹತ್ತಿಸಿದ. ಆಚೆ ದಡಕ್ಕೆ ಹೋಗುವುದು, ಇಳಿಯದೆ ಅದೇ ಫೆರಿಯಲ್ಲಿ ಈಚೆ ಬರುವುದು. ನಮ್ಮಲ್ಲಿ ಹೀಗೆ ಹೋಗಿ ಬರುವವರಿಗೆ ಕೆಲಸಗೇಡಿ ಎನ್ನುತ್ತಾರೆ. ಇಲ್ಲಿ ಇನ್ನೂ ನಾಲ್ಕು ಜನ ಹಾಗೇ ಹೋಗಿ ಬರುತ್ತಿದ್ದರು, ಒಬ್ಬ ಮೀನಿನ ಬುಟ್ಟಿಯ ಮೇಲೆ ಕೂತು ಪೇಪರು ಓದುತ್ತಿದ್ದ.

ನೀರಿನ ಮೇಲೆ ಬಸವಣ್ಣೆಪ್ಪನ ಮಾತು ಬಿಚ್ಚಿತು. ಸಾಹೇಬನಿಗೆ ಹುಲ್ಲಿನ ಪರಾಗ ಮೂಗಿಗೆ ಹೋದರೆ ಮುಖವೆಲ್ಲ ಊದಿಕೊಳ್ಳುತ್ತಿತ್ತಂತೆ. ತಡೆಯಲಾರದೆ ಹುಲ್ಲುಕಡ್ಡಿ ಇಲ್ಲದ ಒಂದು ಕಲ್ಲು ನಡುಗಡ್ಡೆಗೆ ಹೋದ. ಅಲ್ಲಿ ಗುರುತಿನವರು ಯಾರೂ ಇರಲಿಲ್ಲ, ಮಾತಿಲ್ಲ ಕತೆಯಿಲ್ಲ, ಬರೀ ಲೆಕ್ಕ. ಒಂದು ನಸುಕಿನಲ್ಲಿ ಲೆಕ್ಕ ಕೂಡಿತು. ಸಂತೋಷಕ್ಕೆ ಒಂದು ಬಂಡೆ ಹತ್ತಿ ಸೂರ್ಯ ಹುಟ್ಟುವುದನ್ನು ನೋಡುತ್ತ ಕೂತ. "ನನಗೂ ಫೋಂಡಾ ಹಂಗ ಆಗೈತಿ ನೋಡು, ನಡುಗಡ್ಡಿ" ಎಂದು ನಕ್ಕ. "ಒಂದ ಫರಕು. ಅಂವ ಅಲ್ಲಿಂದ ಇಳಿದು ಬಂದು ತನ್ನ ಲೆಕ್ಕಾ ಗೆಳ್ಯಾರಿಗೆ ತೋರಿಸಿದ."

ಸಾಹೇಬನ ಡಾಕ್ಟರೇಟ್ ಪರೀಕ್ಷೆಯ ಕತೆ ಅವನಿಗೆ ಎಲ್ಲಕ್ಕಿಂತ ಪ್ರೀತಿ. ಅಷ್ಟು ದೊಡ್ಡ ಜಾಣ, ಸೂಕ್ಷ್ಮದರ್ಶಕ ಎಷ್ಟು ಸಣ್ಣದನ್ನು ಬೇರೆ ಬೇರೆಯಾಗಿ ತೋರಿಸುತ್ತದೆ ಎಂದು ಕೇಳಿದರೆ ಉತ್ತರ ಬರಲಿಲ್ಲ. ಬ್ಯಾಟರಿ ಹೇಗೆ ನಡೆಯುತ್ತದೆ ಎಂದರೂ ಬರಲಿಲ್ಲ. ಫೇಲಾಗುವುದು ಕೂದಲೆಳೆಯಲ್ಲಿ ತಪ್ಪಿತು. "ಪರೀಕ್ಷಾದಾಗ ಮುಗ್ಗರಿಸಿದಾಂವ ನನಗ ಭಾಳ ಹತ್ತಿರದಾಂವ" ಎಂದ ಬಸವಣ್ಣೆಪ್ಪ. ಕಣ್ಣು ನೀರಿನ ಕಡೆ ಇತ್ತು.

ಯುದ್ಧದ ಕಾಲದಲ್ಲಿ ಸಾಹೇಬ ದೇಶ ಬಿಡದೆ ಉಳಿದು, ಕೆಟ್ಟ ಸರಕಾರಕ್ಕಾಗಿ ಯುರೇನಿಯಂ ಕೆಲಸ ಮಾಡಿದ್ದನ್ನು ಕೇಳಿದೆ. "ಮುಚ್ಚಿಟ್ಟಿಲ್ಲಪಾ. ಐದನೇ ಅಧ್ಯಾಯದಾಗ ಬರದೇನಿ. ಅವನ ಮನಸಿನ್ಯಾಗ ಏನಿತ್ತು ನನಗ ತಿಳಿವಲ್ದು ಅಂತನ ಬರದೇನಿ. ನೀ ಓದಿದೆಲ್ಲ?" ಎಂದ. ನಾನು ಹೂಂ ಎಂದೆ. ಊರು ಬಿಡುವುದೂ ಕಷ್ಟ, ಉಳಿಯುವುದೂ ಕಷ್ಟ ಎಂದು ಅವನು ಅನ್ನುವಾಗ ಆ ಮಾತು ಸಾಹೇಬನದೋ ತನ್ನದೋ ನನಗೆ ತಿಳಿಯಲಿಲ್ಲ.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. "ಬಸಣ್ಯಾ, ನಾಲ್ಕನೇ ಅಧ್ಯಾಯ..."

ಅವನ ಮುಖ ಅರಳಿತು. "ಅದು ನಿಂದ ಅಲ್ಲೇನೋ! ನೀ ಕಳಿಸಿದ ನೋಟ್ಸಿನ್ಯಾಗ ಅಳ್ಯಾಕ ಹೋದ್ರ ಕೆಡತೈತಿ ಅಂತ ಬರದಿದ್ದಿ. ಅದೊಂದು ಸಾಲು ಹಿಡಕೊಂಡು ನಲವತ್ತು ವರ್ಷ ಅರಿವಿ ಅಳದೇನಿ ನಾ."

ಖರೆ. ಆಗ ನಮಗೆ ಕಲಿಸಿದ್ದೂ ಹಾಗೇ, ನಾನು ಬರೆದುಕೊಂಡದ್ದೂ ಹಾಗೇ. ಆಮೇಲೆ ನಾನು ತಿದ್ದಿಕೊಂಡೆ, ನನ್ನ ವಿದ್ಯಾರ್ಥಿಗಳಿಗೆ ತಿದ್ದಿ ಹೇಳಿದೆ. ಅವನಿಗೆ ಹೇಳಬೇಕು ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಫೆರಿ ದಡಕ್ಕೆ ಡಿಕ್ಕಿ ಹೊಡೆದು ನಿಂತಿತು. ಎಲ್ಲರ ಜೊತೆ ನಾನೂ ಎದ್ದೆ, ಮಾತು ಅಲ್ಲೇ ಉಳಿಯಿತು.

ಭಾನುವಾರ

ಸಭೆ ಒಂದು ಶಾಲೆಯ ಕೋಣೆಯಲ್ಲಿ. ಮುಂದಿನ ಸಾಲಿನಲ್ಲಿ ಬೆಳಗಾವಿ, ಧಾರವಾಡದ ಕಡೆಯ ವ್ಯಾಪಾರಿಗಳು, ಇಸ್ತ್ರಿ ಮಾಡಿದ ಅಂಗಿಗಳಲ್ಲಿ. ಹಿಂದೆ ವಿಜಾಪುರ, ಬಾಗಲಕೋಟೆ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಗಂಡಸರು, ಹೆಂಗಸರು. ವಾರಕ್ಕೊಂದೇ ರಜೆ, ಅದನ್ನು ಜರ್ಮನ್ ಸಾಹೇಬನಿಗೆ ಕೊಡಲು ಬಂದಿದ್ದರು. ಬಸವಣ್ಣೆಪ್ಪ ಎಲ್ಲರ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಮೊದಲು ಭಜನೆ ಆಯಿತು. ಏಕತಾರಿ ಹಿಡಿದು ಹಾಡಿದವನು ಯಲ್ಲಪ್ಪ ಎಂಬ ಗಿಲಾಯಿ ಮಿಸ್ತ್ರಿ, ಗೋಡೆಗೆ ಗಾರೆ ಬಳಿಯುವವನು. ಉಗುರಿನ ಸಂದಿಯಲ್ಲಿ ಸಿಮೆಂಟು ಇನ್ನೂ ಇತ್ತು, ಗಂಟಲು ಮಾತ್ರ ಜೇನು.

ನನ್ನ ಭಾಷಣ ಕೇಳಬೇಡಿ. ಮುನ್ನುಡಿಯನ್ನೇ ಇನ್ನೊಮ್ಮೆ ಬಾಯಿಪಾಠ ಒಪ್ಪಿಸಿದೆ. ಚಪ್ಪಾಳೆ ಬಿತ್ತು. ಆಮೇಲೆ ಬಸವಣ್ಣೆಪ್ಪ ಎದ್ದ. ಕುಪ್ಪಸದ ಖಣದ ಒಂದು ಇಡೀ ಸುರುಳಿ ತಾನು, ಒಂದು ಕಬ್ಬಿಣದ ಮೀಟರ್ ಪಟ್ಟಿ ತಂದಿದ್ದ. ಅಳೆದು ತೋರಿಸಿದ. ಜಗ್ಗಿದ, ಸಡಿಲ ಬಿಟ್ಟ, ಜಗ್ಗಿದ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಗಲಾರಂಭಿಸಿದರು. "ಸಾವ್ಕಾರ್ರ, ಈ ಆಟ ನಮಗ ಗೊತ್ತೈತ್ರಿ!" ಎಂದಳು ಒಬ್ಬಳು. ಎಲ್ಲರೂ ನಕ್ಕರು, ಅವನೂ ನಕ್ಕ. ಕ್ವಾಂಟಂ ಶಾಸ್ತ್ರ ಕೇಳಿ ಜನ ಅಷ್ಟು ನಕ್ಕದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಆಗ ಯಲ್ಲಪ್ಪ ಮಿಸ್ತ್ರಿ ಕೈ ಎತ್ತಿದ.

"ಸಾವ್ಕಾರ್ರ, ಒಂದ ಮಾತ ಕೇಳತೇನ್ರಿ. ನೀವು ಜಗ್ಗಿದಿರಿ, ಅರಿವಿ ಉದ್ದ ಆತು. ಖರೇ. ಆದ್ರ ಜಗ್ಗೂಕಿಂತ ಮೊದ್ಲ ಅದು ಎಷ್ಟ ಇತ್ತೋ ಅಷ್ಟ ಇತ್ತಲ್ರಿ? ನಮಗ ಗೊತ್ತಾಗ್ಲಿಲ್ಲ, ಅಷ್ಟ. ದೇವರಿಗೆ ಗೊತ್ತಿರತೈತಿ. ನಾವು ಗ್ವಾಡಿ ನೆಟ್ಟಗೈತೇನು ನೋಡಾಕ ಓಳಂಬದ ಗುಂಡು ಇಳಿಬಿಟ್ರ ಗಾಳಿಗೆ ದಾರಾ ಅಳ್ಳಾಡತೈತಿ, ಅದು ನಮಗೂ ಗೊತ್ತ. ಮತ್ತ ಆ ಸಾಹೇಬ ಹೊಸಾದೇನ ಹೇಳಿದಾ?"

ಕುಹಕ ಇರಲಿಲ್ಲ ಅವನ ಮಾತಿನಲ್ಲಿ. ತಿಳಿಯಬೇಕೆಂದು ಕೇಳಿದ್ದ. ಬಸವಣ್ಣೆಪ್ಪ ಕೈಯಲ್ಲಿದ್ದ ಖಣವನ್ನು ಇನ್ನೊಮ್ಮೆ ಪಟ್ಟಿಗೆ ಹಿಡಿದು ನೋಡಿದ. "ಹೌದು, ಇತ್ತು" ಎಂದವನಿಗೆ ತನ್ನ ಉತ್ತರವೇ ಒಪ್ಪಿಗೆಯಾಗಲಿಲ್ಲ. ನನ್ನ ಕಡೆ ತಿರುಗಿದ. "ಇತ್ತಲ್ಲ, ಮಾಸ್ತರ?"

ನೂರು ಕಣ್ಣು ನನ್ನ ಮೇಲೆ. ಹೌದು ಎಂದುಬಿಟ್ಟರೆ ಆಗ ಎಲ್ಲವೂ ಮುಗಿಯುತ್ತಿತ್ತು. ಹೂವಿನ ಹಾರ, ಅವಲಕ್ಕಿ, ಚಹಾ. ಆದರೆ ಆ ಮುಖ ಫೆರಿಯ ಮೇಲೆ ಕಂಡ ಮುಖ. ಅದಕ್ಕೆ ಇನ್ನೊಂದು ಸುಳ್ಳು ಹೇಳಲು ನನ್ನ ಕೈಲಾಗಲಿಲ್ಲ.

"ಇಲ್ಲ ಬಸಣ್ಯಾ" ಎಂದೆ. "ಅರಿವೆಗೆ ಇತ್ತು, ಕಣಕ್ಕೆ ಇರಲಿಲ್ಲ."

ಯಲ್ಲಪ್ಪನ ಏಕತಾರಿ ಇಸಿದುಕೊಂಡೆ. ತಂತಿ ಮೀಟಿ ಬಿಟ್ಟೆ. ಸ್ವರ ಎದ್ದು ಕೋಣೆ ತುಂಬಿತು. ಆಮೇಲೆ ಮೀಟಿದ ಕೂಡಲೇ ಅಂಗೈಯಿಂದ ಒತ್ತಿ ಹಿಡಿದೆ. ಟಕ್ ಎಂದಿತು.

"ಈಗ ಬಂದ ಸ್ವರ ಯಾವುದು ಯಲ್ಲಪ್ಪ?"

"ಸ್ವರ ಎಲ್ಲಿ ಬಂತ್ರಿ ಮಾಸ್ತರ್ರ? ಟಕ್ ಅಂತಷ್ಟ."

"ಸ್ವರ ಇತ್ತು, ನಿನಗೆ ಕೇಳಲಿಲ್ಲ, ದೇವರಿಗೆ ಕೇಳಿತು ಅನ್ನೋಣವೇ?"

ಅವನು ಇದಕ್ಕೆ ಯೋಚಿಸಲೇ ಇಲ್ಲ. "ಏ, ಇಲ್ರಿ. ಸ್ವರ ನಿಲ್ಲಾಕ ಹೊತ್ತು ಬೇಕು. ಟಕ್ ಅಂದ್ರ ಯಾವಾಗ ಬಾರಿಸಿದಿರಿ ಅನ್ನೂದು ಚೊಕ್ಕ ಗೊತ್ತಾಗತೈತಿ, ಆದ್ರ ಸ್ವರನ ಇಲ್ಲ. ಬಿಟ್ಟ ಬಿಟ್ರ ಸ್ವರ ಬರತೈತಿ, ಯಾವಾಗ ಅನ್ನೂದು ಹರಡಿ ಹೋಗತೈತಿ. ಎರಡೂ ಒಮ್ಮೆ ಕೇಳಿದ್ರ ದೇವರಿಗೂ ಸಿಗೂದಿಲ್ಲ."

"ಸಾಹೇಬ ಹೇಳಿದ ಹೊಸದು ಇದೇ" ಎಂದೆ. "ಕಣ ಇರುವ ಜಾಗ ಆ ಟಕ್ ಇದ್ದ ಹಾಗೆ, ಅದರ ವೇಗ ಸ್ವರ ಇದ್ದ ಹಾಗೆ." ಸಾಹೇಬ ಕೂಡ ಮೊದಲು ತನ್ನ ನಿಯಮವನ್ನು ವಿವರಿಸಿದ್ದು ಒಂದು ಸೂಕ್ಷ್ಮದರ್ಶಕದ ಹೋಲಿಕೆಯಿಂದ, ಅಳೆಯಲು ಹೋದರೆ ಕೆಡುತ್ತದೆ ಎಂದು. ಆ ಹೋಲಿಕೆಯಲ್ಲೇ ಅವನೂ ತಪ್ಪಿದ್ದ. ಅವನಿಗಿಂತ ಹಿರಿಯ ವಿಜ್ಞಾನಿಯೊಬ್ಬ ಬಿಡದೆ ವಾದ ಮಾಡಿ ತಪ್ಪು ತೋರಿಸಿದ. ಸಾಹೇಬನಿಗೆ ಅಳುವೇ ಬಂತು. ಆದರೂ ಅಚ್ಚಿನಲ್ಲಿದ್ದ ಲೇಖನದ ಕೊನೆಗೆ, ನಾನು ಇಂತಿಂಥದ್ದನ್ನು ಗಮನಿಸಿರಲಿಲ್ಲ ಎಂದು ಸೇರಿಸಿದ. ಇದನ್ನೆಲ್ಲ ಹೇಳಿದೆ, ಗೆಳೆಯನಿಗೆ ಸಮಾಧಾನವಾಗಲಿ ಎಂದು.

ಬಸವಣ್ಣೆಪ್ಪ ಖಣವನ್ನು ನಿಧಾನವಾಗಿ ಮಡಚುತ್ತಿದ್ದ. "ನೀ ಇದನ್ನ ಯಾವಾಗಿಂದ ಬಲ್ಲಿ?"

"ಇಪ್ಪತ್ತು ವರ್ಷ ಆಯಿತು."

"ಮತ್ತ ನನ್ನ ಅಧ್ಯಾಯ ಓದಿದಾಗ ಯಾಕ ಹೇಳ್ಲಿಲ್ಲ?"

"ಓದಿರಲಿಲ್ಲ. ಮೊನ್ನೆ ಮೊಲೆಂನಲ್ಲಿ ಬಸ್ಸು ಕೆಟ್ಟಾಗ ಓದಿದೆ."

ಅವನು ಸಿಟ್ಟಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಖಣದ ತುದಿ ಒಳಗೆ ಸೇರಿಸಿ, ಮೇಜಿನ ಮೇಲಿಟ್ಟು, ಮೆಲ್ಲಗೆ ಹೇಳಿದ: "ಸಾಹೇಬ ಪುಣ್ಯಾ ಮಾಡಿದ್ದ. ಅವಂಗ ತಪ್ಪು ಅಂತ ಹೇಳಾವ ಒಬ್ಬ ಇದ್ದ."

ಆಮೇಲೆ ಜನರ ಕಡೆ ತಿರುಗಿ ಕೈ ಮುಗಿದ. "ಪುಸ್ತಕ ಇವತ್ತು ಕೊಡೂದಿಲ್ರಿ. ಮುಂದಿನ ಐತಾರ ಬರ್ರಿ. ಅವಲಕ್ಕಿ ತಿಂದ ಹೋಗ್ರಿ." ನನ್ನ ಅವಲಕ್ಕಿಯ ತಟ್ಟೆಯನ್ನು ಯಲ್ಲಪ್ಪನಿಗೆ ಕೊಟ್ಟು, ಪುಸ್ತಕಗಳನ್ನು ಮತ್ತೆ ಗೋಣಿಚೀಲಕ್ಕೆ ತುಂಬಿದೆ.

ಸೋಮವಾರ

ಬೆಳಿಗ್ಗೆ ಹೊರಟುಬಿಡಬೇಕೆಂದು ಚೀಲ ತುಂಬಿದೆ. ಮನೆಯ ಮುಂದೆ ಪಾವು ಮಾರುವವನ ಹಾರ್ನು ಕೇಳಿಸಿತು. ಶಾಂತಕ್ಕ ಬಿಸಿ ಪಾವು ಒಳಗೆ ತಂದು ಚಹಾದ ಜೊತೆ ಇಟ್ಟರು. "ಹೋಗಬ್ಯಾಡ್ರಿ ಅಣ್ಣಾರ" ಎಂದರು, ಅಷ್ಟೆ. "ಇವರು ಅಂಗಡ್ಯಾಗ ನಿಮ್ಮನ್ನ ಕರ್ಯಾಕತ್ತಾರ."

ಅಂಗಡಿಯಲ್ಲಿ ಬಸವಣ್ಣೆಪ್ಪ ಆಗಲೇ ಒಂದು ತಿದ್ದುಪಡಿಯ ಚೀಟಿ ಬರೆದು, ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಮುನ್ನೂರು ಮಾಡಿಸಿದ್ದ. ಅರಿವೆಯ ಹೋಲಿಕೆ ಅರ್ಧ ಸರಿ, ಅರ್ಧ ತಪ್ಪು ಎಂದು ಬರೆದು, ಏಕತಾರಿಯ ಉದಾಹರಣೆ ಕೊಟ್ಟಿದ್ದ. ನನ್ನ ಭಾಷಣಕ್ಕಿಂತ ಚೊಕ್ಕವಾಗಿತ್ತು. ಕೊನೆಯಲ್ಲಿ, 'ತಪ್ಪು ತೋರಿಸಿದವರು: ಯಲ್ಲಪ್ಪ ಮಿಸ್ತ್ರಿ.' ನನ್ನ ಹೆಸರು ಇರಲಿಲ್ಲ. ಶಾಂತಕ್ಕ ಮೈದಾ ಹಿಟ್ಟಿನ ಅಂಟು ಕಾಯಿಸಿ ತಂದರು. ನಾಲ್ಕನೇ ಅಧ್ಯಾಯದ ಕೊನೆಗೆ ಅವರು ಚೀಟಿ ಅಂಟಿಸತೊಡಗಿದರು.

ಬಸವಣ್ಣೆಪ್ಪ ನನ್ನ ಕೈಗೆ ಅರಿವೆ ಕತ್ತರಿಸುವ ದೊಡ್ಡ ಕತ್ತರಿ ಕೊಟ್ಟ.

"ಮುನ್ನುಡಿ ತಗಿ."

ನಾನು ಅವನ ಮುಖ ನೋಡಿದೆ.

"ಅಧ್ಯಾಯ ತಪ್ಪಿದ್ರೂ ನಾ ಬರದದ್ದು, ತಿದ್ದಾಕ ಬರತೈತಿ. ಓದಲಾರದ ಬರದ ಮುನ್ನುಡಿ ಹ್ಯಾಂಗ ತಿದ್ದೂದು? ಒಂದು ಬಟ್ಟು ಅಂಚು ಬಿಟ್ಟು ಕತ್ತರಸು, ಇಲ್ಲಂದ್ರ ಆ ಕಡೀ ಹಾಳಿ ಉಚ್ಚಿ ಬರತಾವ."

ಕತ್ತರಿಸಿದೆ. ಮುನ್ನೂರು ಸಲ ನನ್ನ ಹೆಸರನ್ನು ನಾನೇ ಕತ್ತರಿಸಿದೆ. ನಡುವೆ ಗಿರಾಕಿಗಳು ಬಂದರು, ಹೋದರು. ಒಬ್ಬ ಕೊಂಕಣಿ ಅಜ್ಜಿ ಟವೆಲ್ ಕೊಳ್ಳಲು ಬಂದವಳು ನಮ್ಮನ್ನು ನೋಡಿ, ಪುಸ್ತಕ ಯಾಕೆ ಹರಿಯುತ್ತಿದ್ದೀರಿ ಎಂದು ಗದರಿಸಿ ಹೋದಳು. ಒಂದು ಗಂಟೆಗೆ ಬಾಗಿಲು ಎಳೆದರು. ಫೋಂಡಾ ಮಲಗಿತು. ನಾನು ಒಂದು ಪ್ರತಿ ತೆಗೆದುಕೊಂಡು ಅರಿವೆಯ ತಾನುಗಳಿಗೆ ಒರಗಿ ಕೂತೆ. ಯಾರೂ ಓದು ಎಂದಿರಲಿಲ್ಲ. ಮೊದಲ ಪುಟದಿಂದ ಓದಿದೆ, ಕಪಾಟಿನ ಮೇಲೆ ಕೂತಿದ್ದ ಎಲ್ಲವನ್ನೂ, ಒಂದು ಸಾಲೂ ಬಿಡದೆ, ಅವತ್ತು ಮತ್ತು ಮರುದಿನ. ಬಸವಣ್ಣೆಪ್ಪ ಎದುರಿಗೇ ಕೂತಿದ್ದ, ಏನೋ ಮಡಚುತ್ತಿದ್ದ. ನನ್ನನ್ನು ನೋಡುತ್ತಿಲ್ಲ ಎಂದು ತೋರಿಸಲು ಬಹಳ ಕಷ್ಟಪಡುತ್ತಿದ್ದ.

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಕೊನೆಯ ಪುಟ ಮುಗಿಯಿತು. ಪುಸ್ತಕ ಮುಚ್ಚಿದೆ.

"ಓದಿದಿ?" ಎಂದ.

"ಓದಿದೆ."

"ಹ್ಯಾಂಗೈತಿ?"

"ಒಂದನೇದು ಭಾಳ ಚಲೋ ಐತಿ. ಎರಡನೇದು ಉದ್ದ ಆತು, ಆ ನಡುಗಡ್ಡಿ ಮ್ಯಾಲೆ ಅಷ್ಟ ದಿನ ಕೂಡಬಾರದಿತ್ತು ನೀ. ಐದನೇದು ಓದಿ ನನಗ ಅಳು ಬಂತು. ಆರನೇದರಾಗ ಮಾತ್ರ ಎರಡು ತಪ್ಪು ಅದಾವ. ಒಂದು ಸಣ್ಣದು, ಒಂದು ದೊಡ್ಡದು."

ಅವನು ಕೈಯಲ್ಲಿದ್ದ ಸೀರೆಯನ್ನು ಹಾಗೇ ಬಿಟ್ಟ. ಎರಡು ದಿನದಿಂದ ಸಪ್ಪಗಿದ್ದ ಮುಖ ಒಮ್ಮೆಲೇ ಬೆಳಗಿತು. ಪರೀಕ್ಷೆಗೆ ಎರಡು ತಿಂಗಳಿರುವ ಹುಡುಗನ ಮುಖ. ಗಲ್ಲಾಪೆಟ್ಟಿಗೆಯ ಮೇಲಿನ ಪೆನ್ಸಿಲು ಹುಡುಕಿ ಹಿಡಿದು, ನನ್ನ ಪಕ್ಕಕ್ಕೆ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಬಂದು ಕೂತ.

"ದೊಡ್ಡದು ಮೊದ್ಲ ತೋರಸು" ಎಂದ.